ಮುಳುಗುವವರ ಕಿವಿ

ಮಳೆಗಾಲ ಕಳೆದು ಪಡುಗಡಲು ತಿಳಿಯಾಗುತ್ತ ಬಂದಂತೆ, ಈ ಅಂಕಣಕ್ಕೆ ಬರುವ ಪತ್ರಗಳ ನಡುವೆ ಒಂದು ಬಗೆಯ ಪ್ರಶ್ನೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲಿದೆ. ಮುರುಡೇಶ್ವರದಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಸಿಲಿಂಡರು ಕಟ್ಟಿಸಿಕೊಂಡು ನೀರಿಗಿಳಿದು, ಬಂಡೆಗಳ ಸಂದಿಯಲ್ಲಿ ಬಣ್ಣಬಣ್ಣದ ಮೀನುಗಳನ್ನು ಕಣ್ತುಂಬ ನೋಡಿ ಬಂದವರು, ಊರಿಗೆ ಮರಳಿದ ಮೇಲೂ ಕಿವಿ ಕಟ್ಟಿದಂತೆಯೇ ಇದೆ, ಇದು ತಾನಾಗಿ ಬಿಡುವುದೇ ಎಂದು ಕೇಳುತ್ತಾರೆ. ಇನ್ನೂ ಹೋಗದವರು, ಹೋದರೆ ಕಿವುಡು ಬಂದೀತೇ ಎಂದು ಮುಂಗಡವಾಗಿಯೇ ಕೇಳಿಕೊಳ್ಳುತ್ತಾರೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅವರು ಅದೇ ನೇತ್ರಾಣಿಯ ನೀರಿಗಿಳಿದುದನ್ನು ನೋಡಿದ ಮೇಲಂತೂ, ಈಜು ಬಾರದವರಲ್ಲಿಯೂ ಈ ಸಾಹಸದ ಆಸೆ ಚಿಗುರಿರುವಂತೆ ತೋರುತ್ತದೆ. ವೃತ್ತಿಜೀವನದ ಬಹುಭಾಗವನ್ನು ಕರಾವಳಿಯ ಜನರ ಕಿವಿಯೊಳಗೆ ಬೆಳಕು ಹಾಯಿಸಿ ನೋಡುವುದರಲ್ಲಿಯೇ ಕಳೆದ ನನಗೆ, ಈ ಎರಡು ಬಗೆಯ ಪತ್ರಗಳಿಗೂ ಒಟ್ಟಾಗಿಯೇ ಉತ್ತರಿಸುವುದು ಲೇಸೆಂದು ತೋರಿದೆ. ಏಕೆಂದರೆ ಇವೆರಡರ ಬೆನ್ನಿಗೂ ಒಂದೇ ತಪ್ಪು ತಿಳಿವಳಿಕೆಯಿದೆ: ಕಡಲಿನ ಆಳವೇ ಕಿವಿಯನ್ನು ಕೆಡಿಸುತ್ತದೆಯೆಂದು ಜನ ನಂಬಿದ್ದಾರೆ. ನಾನು ಕಂಡ ಕಿವಿಗಳೆಲ್ಲ ಕೆಟ್ಟದ್ದು ಪ್ರಾಯಶಃ ಮೇಲಿನ ನಾಲ್ಕೈದು ಮೀಟರಿನೊಳಗೆ. ಅದೂ ನೀರಿನಿಂದ ಕೆಟ್ಟದ್ದಕ್ಕಿಂತ ಹೆಚ್ಚಾಗಿ ಕಿವಿಯ ಒಡೆಯನ ಆತುರದಿಂದ.

ಆಗುಂಬೆಯ ಘಾಟಿಯನ್ನು ಬಸ್ಸಿನಲ್ಲಿ ಇಳಿದವರಿಗೆ ಕಿವಿ ಕಟ್ಟುವ ಅನುಭವ ಹೊಸದಲ್ಲ. ತಿರುವುಗಳನ್ನೆಲ್ಲ ಕಳೆದು ಸೋಮೇಶ್ವರದ ತಪ್ಪಲಿಗೆ ಬರುವಷ್ಟರಲ್ಲಿ ಸುಮಾರು ಐದುನೂರು ಮೀಟರು ಇಳಿದಿರುತ್ತೇವಷ್ಟೆ. ಒಂದೆರಡು ಸಲ ಉಗುಳು ನುಂಗಿದರೆ, ಇಲ್ಲವೆ ಬಾಯಿ ಅಗಲಿಸಿ ಆಕಳಿಸಿದರೆ, ‘ಟಿಕ್’ ಎಂದು ಸಣ್ಣದಾಗಿ ಸದ್ದಾಗಿ ಲೋಕದ ಧ್ವನಿಗಳು ಮರಳಿ ಸ್ಪಷ್ಟವಾಗುತ್ತವೆ. ಈ ಇಡೀ ಇಳಿತದಲ್ಲಿ ಕರ್ಣಪಟಲದ ಮೇಲೆ ಹೆಚ್ಚುವ ವಾಯುಭಾರವು ನೀರಿನ ಲೆಕ್ಕದಲ್ಲಿ ಎಷ್ಟಾಗುತ್ತದೆಂದು ಗುಣಿಸಿ ನೋಡಿದರೆ, ಅದು ಕೇವಲ ಎರಡಡಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಎಂದರೆ, ಘಾಟಿಯ ಅಷ್ಟೂ ಸುತ್ತುಗಳು ಅರ್ಧ ಗಂಟೆಯಲ್ಲಿ ಕಿವಿಗೆ ಮಾಡುವುದನ್ನು, ಕೆರೆಯಲ್ಲಿ ನಿಂತು ಎರಡಡಿ ಕೆಳಕ್ಕೆ ತಲೆ ಮುಳುಗಿಸಿದವನು ಒಂದು ಕ್ಷಣದಲ್ಲಿ ಮಾಡಿಕೊಳ್ಳುತ್ತಾನೆ. ವಿಮಾನದ ಉದಾಹರಣೆಯೂ ಹೀಗೆಯೇ. ಎಷ್ಟೇ ಎತ್ತರದಲ್ಲಿ ಹಾರಿದರೂ ಅದರ ಒಳಗಿನ ಒತ್ತಡವನ್ನು ಸುಮಾರು 2400 ಮೀಟರು ಎತ್ತರದ ಬೆಟ್ಟದ ಮೇಲಿರುವುದಕ್ಕಿಂತ ಕಡಿಮೆಯಾಗದಂತೆ ಕಾಪಾಡಿಕೊಂಡಿರುತ್ತಾರೆ. ಅಲ್ಲಿಂದ ಸಮುದ್ರಮಟ್ಟಕ್ಕೆ ಇಳಿಯುವಾಗ, ಹಸುಗೂಸುಗಳು ಚೀರಿಡುವಂತೆ ಮಾಡುವ ಆ ಭಾರ ನೀರಿನ ಲೆಕ್ಕದಲ್ಲಿ ಎರಡೂವರೆ ಮೀಟರು. ವಿಮಾನವು ಅದನ್ನು ಇಪ್ಪತ್ತು ಇಪ್ಪತ್ತೈದು ನಿಮಿಷಗಳಲ್ಲಿ ಹದವಾಗಿ ಹಂಚುತ್ತದೆ. ಮುಳುಗುವವನಿಗೆ ಅಷ್ಟಕ್ಕೆ ಹತ್ತು ಸೆಕೆಂಡು ಸಾಕು.

ಇದರ ಮೂಲದಲ್ಲಿರುವುದು 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ, ಶಾಲೆಯ ಮಕ್ಕಳೆಲ್ಲ ಬಾಯಿಪಾಠ ಮಾಡಿ ಮರೆಯುವ ನಿಯಮ: ಒತ್ತಡ ಇಮ್ಮಡಿಯಾದರೆ ಅನಿಲದ ಗಾತ್ರ ಅರ್ಧವಾಗುತ್ತದೆ. ಕಡಲಿನಲ್ಲಿ ಹತ್ತು ಮೀಟರು ಇಳಿದರೆ ಒಂದು ವಾಯುಮಂಡಲದಷ್ಟು ಭಾರ ಕೂಡಿಕೊಳ್ಳುವುದರಿಂದ, ದಡದಲ್ಲಿ ಕಿವಿಯೊಳಗೆ ತುಂಬಿಕೊಂಡಿದ್ದ ಗಾಳಿ ಅಲ್ಲಿ ಅರ್ಧಕ್ಕೆ ಕುಗ್ಗುತ್ತದೆ. ಇನ್ನೂ ಹತ್ತು ಮೀಟರಿಗೆ ಮೂರರಲ್ಲೊಂದು ಪಾಲಾಗುತ್ತದೆ. ಮೂವತ್ತರಿಂದ ನಲವತ್ತಕ್ಕೆ ಇಳಿಯುವಾಗಲಾದರೋ ನಾಲ್ಕರಲ್ಲೊಂದು ಪಾಲು ಐದರಲ್ಲೊಂದಾಗುವುದಷ್ಟೇ. ಆಳಕ್ಕೆ ಹೋದಂತೆ ಗಾತ್ರದ ಈ ಬದಲಾವಣೆ ಮಂದವಾಗುತ್ತ ಹೋಗುತ್ತದೆ, ಮೇಲ್ಮೈಯ ಹತ್ತಿರದಲ್ಲಿಯೇ ಅದು ಅತ್ಯಂತ ತೀವ್ರವಾಗಿರುತ್ತದೆ. ಮೂವತ್ತು ಮೀಟರು ಇಳಿಯುವ ಅನುಭವಿಯ ಕಿವಿಗಿಂತ, ಐದು ಮೀಟರಿನ ತನಕ ಹೋಗಿಬರುವ ಮೊದಲ ದಿನದ ಪ್ರವಾಸಿಯ ಕಿವಿಯೇ ಹೆಚ್ಚು ಸಲ ನೋಯುವುದರ ರಹಸ್ಯ ಇದು.

ಕಿವಿಯ ರಚನೆಯನ್ನು ಇಲ್ಲಿ ತುಸು ನೆನಪು ಮಾಡಿಕೊಳ್ಳದೆ ವಿಧಿಯಿಲ್ಲ. ಹೊರಕಿವಿಯ ಕೊನೆಯಲ್ಲಿ ನಾವು ತಮಟೆಯೆಂದು ಕರೆಯುವ ಕರ್ಣಪಟಲವಿದೆ. ಅದರಾಚೆಗೆ ನಡುಕಿವಿಯೆಂಬ ಗಾಳಿ ತುಂಬಿದ ಪುಟ್ಟ ಕೋಣೆ. ಆ ಕೋಣೆಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು ಒಂದಕ್ಕೊಂದು ತಗುಲಿಕೊಂಡು, ತಮಟೆಯ ಕಂಪನವನ್ನು ಒಳಕಿವಿಯ ದ್ರವಕ್ಕೆ ದಾಟಿಸುತ್ತವೆ. ರಿಕಾಪು ನಮ್ಮ ದೇಹದಲ್ಲಿಯೇ ಅತ್ಯಂತ ಚಿಕ್ಕ ಮೂಳೆ. ಅದರ ಉದ್ದ ಮೂರು ಮಿಲಿಮೀಟರಿನಷ್ಟು. ಈ ನಡುಕಿವಿಗೆ ಹೊರಜಗತ್ತಿನೊಡನೆ ಇರುವ ಏಕಮಾತ್ರ ದಾರಿಯೆಂದರೆ, ಮೂಗಿನ ಹಿಂಭಾಗಕ್ಕೆ ತೆರೆದುಕೊಳ್ಳುವ, ಸುಮಾರು ಮೂರೂವರೆ ಸೆಂಟಿಮೀಟರು ಉದ್ದದ ಯೂಸ್ಟೇಶಿಯನ್ ನಾಳ. ಅದು ಸದಾ ತೆರೆದಿರುವ ದಾರಿಯಲ್ಲ; ಸಾಮಾನ್ಯವಾಗಿ ಮುಚ್ಚಿಯೇ ಇದ್ದು, ನಾವು ನುಂಗುವಾಗ, ಆಕಳಿಸುವಾಗ, ಅಂಗುಳಿನ ಸ್ನಾಯುಗಳು ಅದನ್ನು ಕ್ಷಣಕಾಲ ಎಳೆದು ತೆರೆಯುತ್ತವೆ. ಆ ಕ್ಷಣದಲ್ಲಿ ಗಾಳಿ ಒಳಹೊಕ್ಕು ಒಳಗಿನ ಒತ್ತಡವೂ ಹೊರಗಿನ ಒತ್ತಡವೂ ಸಮನಾಗುತ್ತವೆ. ಸ್ಕೂಬಾ ಕಲಿಸುವವರು ‘ಈಕ್ವಲೈಸ್ ಮಾಡಿ’ ಎಂದು ಮೇಲಿಂದ ಮೇಲೆ ಹೇಳುವುದು ಇದನ್ನೇ.

ಇದನ್ನು ಮಾಡದೆ ಇಳಿದರೆ ಆಗುವುದೇನು? ಹೊರಗಿನ ನೀರು ತಮಟೆಯನ್ನು ಒಳಕ್ಕೆ ಒತ್ತುತ್ತದೆ. ಒಂದು ಮೀಟರಿನ ಹೊತ್ತಿಗೇ ತುಂಬಿಕೊಂಡಂಥ ಭಾವನೆ, ಅದರ ಬೆನ್ನಿಗೇ ನೋವು. ಆಗಲೂ ಉದಾಸೀನ ಮಾಡಿ ಇಳಿದವನಿಗೆ ಒಂದು ಚಮತ್ಕಾರ ಕಾದಿರುತ್ತದೆ: ಒಳಹೊರಗಿನ ಒತ್ತಡಗಳ ಅಂತರ ಪಾದರಸದ ತೊಂಬತ್ತು ಮಿಲಿಮೀಟರಿನಷ್ಟಾದೊಡನೆ, ಎಂದರೆ ಸಮ ಮಾಡಿಕೊಳ್ಳದೆ ಒಂದೂಕಾಲು ಮೀಟರು ಇಳಿದೊಡನೆ, ಆ ನಾಳದ ಮೆತ್ತನೆಯ ಬಾಯಿ ಒಂದಕ್ಕೊಂದು ಅಂಟಿಕೊಂಡು ಬೀಗ ಜಡಿದಂತಾಗುತ್ತದೆ, ಮತ್ತೆ ಎಷ್ಟು ನುಂಗಿದರೂ ಅದು ತೆರೆಯದು. ಅಲ್ಲಿಂದ ಮುಂದೆ ಪ್ರಕೃತಿ ತನ್ನದೇ ಉಪಾಯ ಹೂಡುತ್ತದೆ. ಗಾಳಿಯಿಂದ ತುಂಬಲಾಗದ ಕೊರತೆಯನ್ನು ದ್ರವದಿಂದ ತುಂಬಲೆಂದು ನಡುಕಿವಿಯ ಒಳಪೊರೆ ಊದಿಕೊಂಡು, ಅದರ ರಕ್ತನಾಳಗಳಿಂದ ನೀರೂ ನೆತ್ತರೂ ಒಸರತೊಡಗುತ್ತವೆ. ಅದೂ ಸಾಲದಾದಾಗ ತಮಟೆ ಹರಿಯುತ್ತದೆ. ಮುಳುಗುಗಾರರಿಗೆ ಒದಗುವ ಗಾಯಗಳಲ್ಲೆಲ್ಲ ಅತ್ಯಂತ ಸಾಮಾನ್ಯವಾದದ್ದು ಈ ನಡುಕಿವಿಯ ಗಾಯವೇ. ಸಮಾಧಾನದ ಮಾತೆಂದರೆ, ಇದರಿಂದಾಗುವ ಮಂದಶ್ರವಣ ಬಹುತೇಕ ತಾತ್ಕಾಲಿಕ: ಒಸರಿದ ದ್ರವ ಕೆಲವು ದಿನಗಳಲ್ಲಿ ಇಂಗುತ್ತದೆ, ಸಣ್ಣ ತೂತು ಕೆಲವು ವಾರಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ನಡುವೆ ನಾವು ಅಡ್ಡ ಬರದಿದ್ದರೆ ಸರಿ. ಕಿವಿಗೆ ಏನೇ ಆದರೂ ಕೊಬ್ಬರಿ ಎಣ್ಣೆಯನ್ನು ಬಿಸಿಮಾಡಿ ಹೊಯ್ಯುವ ನಮ್ಮ ಮನೆಮದ್ದು ಇಲ್ಲಿ ಸರ್ವಥಾ ಕೂಡದು. ಹರಿದ ತಮಟೆಯ ಮೂಲಕ ಅದು ನೇರವಾಗಿ ನಡುಕಿವಿಗೇ ಇಳಿಯುತ್ತದೆಂಬುದನ್ನು ಹಿರಿಯರಿಗೆ ತಿಳಿಯಹೇಳುವುದರಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ.

ಈಕ್ವಲೈಸ್ ಮಾಡುವ ವಿಧಾನಗಳಲ್ಲಿ ಹೆಸರಾದ ಎರಡಕ್ಕೆ ಇಬ್ಬರು ವೈದ್ಯರ ಹೆಸರು ಅಂಟಿಕೊಂಡಿದೆ. ಇಬ್ಬರೂ ಸಮುದ್ರದ ಗೊಡವೆಗೆ ಹೋದವರಲ್ಲ. ಮೂಗು ಹಿಡಿದು, ಬಾಯಿ ಮುಚ್ಚಿ, ಮೂಗಿನೊಳಕ್ಕೆ ಊದುವ ವಿಧಾನವನ್ನು ಇಟಲಿಯ ಬೊಲೋನ್ಯದ ಆಂಟೋನಿಯೋ ಮರಿಯಾ ವಾಲ್ಸಾಲ್ವ ತನ್ನ 1704ರ ಕರ್ಣಶಾಸ್ತ್ರ ಗ್ರಂಥದಲ್ಲಿ ವರ್ಣಿಸಿದ್ದು, ನಡುಕಿವಿಯಲ್ಲಿ ಕೂಡಿದ ಕೀವನ್ನು ಹೊರದೂಡುವ ಉದ್ದೇಶದಿಂದ. ಮೂಗು ಹಿಡಿದು ನುಂಗುವ ಇನ್ನೊಂದು ವಿಧಾನ ಲಂಡನ್ನಿನ ಜೋಸೆಫ್ ಟಾಯ್ನ್‌ಬೀಯದು. ಇತಿಹಾಸಕಾರ ಆರ್ನಾಲ್ಡ್ ಟಾಯ್ನ್‌ಬೀಯ ಪಿತಾಮಹನಾದ ಈ ಮಹಾಶಯನು, ರೋಗಿಗಳನ್ನು ಹಗಲಿರುಳು ಕಾಡುವ ಕಿವಿಯ ಮೊರೆತಕ್ಕೆ ಮದ್ದು ಹುಡುಕುತ್ತ, ಕ್ಲೋರೋಫಾರ್ಮಿನೊಡನೆ ಘೋರವಿಷವಾದ ಪ್ರಸಿಕ್ ಆಮ್ಲದ ಆವಿಯನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡು 1866ರಲ್ಲಿ ಪ್ರಾಣ ಬಿಟ್ಟನು. ಕಿವಿಯ ಮೊರೆತಕ್ಕೆ ನಿಶ್ಚಿತವಾದ ಮದ್ದು ಇಂದಿಗೂ ಇಲ್ಲವೆಂದು ರೋಗಿಗಳಿಗೆ ಹೇಳಬೇಕಾಗಿ ಬಂದಾಗಲೆಲ್ಲ ನನಗೆ ಆತನ ನೆನಪಾಗುತ್ತದೆ.

ಈ ಎರಡರಲ್ಲಿ ವಾಲ್ಸಾಲ್ವನ ವಿಧಾನ ಸುಲಭವಾದುದರಿಂದ ಎಲ್ಲರೂ ಅದನ್ನೇ ಮೊದಲು ಕಲಿಯುತ್ತಾರೆ, ಮತ್ತು ಅನಾಹುತಗಳಾಗುವುದೂ ಅದರಿಂದಲೇ. ಮೆಲ್ಲಗೆ ಊದಿದರೆ ಅದು ನಿರಪಾಯಕರ. ಆದರೆ ನಾಳಕ್ಕೆ ಆಗಲೇ ಬೀಗ ಬಿದ್ದಿರುವಾಗ, ಹೇಗಾದರೂ ತೆರೆಯಲೇಬೇಕೆಂಬ ಹಟದಿಂದ ಮುಖ ಕೆಂಪಾಗುವಂತೆ ಊದಿದರೆ, ಗಾಳಿ ನಡುಕಿವಿಗೆ ಹೋಗುವುದಿಲ್ಲ. ಎದೆಯ ಆ ಒತ್ತಡವೆಲ್ಲ ರಕ್ತನಾಳಗಳ ಮೂಲಕ ತಲೆಬುರುಡೆಯ ದ್ರವಕ್ಕೆ ದಾಟಿ, ಅಲ್ಲಿಂದ ಒಳಕಿವಿಯ ದ್ರವವನ್ನು ಹೊರಮುಖವಾಗಿ ತಳ್ಳುತ್ತದೆ. ಒಳಕಿವಿಗೂ ನಡುಕಿವಿಗೂ ನಡುವೆ ಇರುವ ತಡೆ ಬಹು ತೆಳುವಾದದ್ದು: ವರ್ತುಲ ಗವಾಕ್ಷವೆಂಬ ಕಿಂಡಿಯ ಮೇಲಿನ ಪೊರೆ, ಮತ್ತು ರಿಕಾಪಿನ ಪಾದ ಕುಳಿತಿರುವ ಅಂಡಾಕಾರದ ಕಿಂಡಿ. ಅವುಗಳಲ್ಲೊಂದು ಹರಿಯಿತೆಂದರೆ ಒಳಕಿವಿಯ ದ್ರವ ಸೋರತೊಡಗುತ್ತದೆ. ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ನಲುಗುತ್ತವೆ. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ನಡುಕಿವಿಯ ಗಾಯ ನೋವು ಕೊಟ್ಟು ವಾಸಿಯಾಗುತ್ತದೆ. ಒಳಕಿವಿಯ ಗಾಯಕ್ಕೆ ಅನೇಕ ವೇಳೆ ನೋವೇ ಇರುವುದಿಲ್ಲ, ಶ್ರವಣವನ್ನು ಮಾತ್ರ ಕೊಂಡೊಯ್ಯುತ್ತದೆ. ಎರಡು ಮೂರು ಮೀಟರಿನ ನೀರಿನಲ್ಲಿಯೂ ಇದು ಸಂಭವಿಸಬಲ್ಲುದು.

ಹುಬ್ಬಳ್ಳಿಯ ಕಡೆಯ ಯುವಕರೊಬ್ಬರು ಮದುವೆಯಾದ ಹೊಸತರಲ್ಲಿ ಪತ್ನಿಯೊಡನೆ ಸಮುದ್ರದೂರೊಂದಕ್ಕೆ ಪ್ರವಾಸ ಹೋಗಿ, ಹಿಂದಿರುಗಿದ ವಾರದ ಮೇಲೆ ನನ್ನಲ್ಲಿಗೆ ಬಂದಿದ್ದರು. “ಡಾಕ್ಟ್ರೇ, ಎಡಗಿವಿಯೊಳಗೆ ನೀರು ನಿಂತಿದೆ, ಹೀರಿ ತೆಗೆದುಬಿಡಿ, ಸಾಕು” ಎಂಬುದು ಅವರ ಬೇಡಿಕೆ. ವಿಚಾರಿಸಿದಾಗ ಕಥೆ ಹೊರಬಿದ್ದಿತು: ನೆಗಡಿಯಿತ್ತು, ದುಡ್ಡು ಮೊದಲೇ ಕಟ್ಟಿಯಾಗಿದ್ದರಿಂದ ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದಿದ್ದರು, ಮೂರು ಮೀಟರಿನ ಹತ್ತಿರ ತಡೆಯಲಾಗದ ನೋವು ಬಂದಾಗ ಮೂಗು ಹಿಡಿದು ಬಲವಾಗಿ ಊದಿದರು, ಏನೋ ‘ಟಪ್’ ಎಂದಿತು, ನೋವು ಹೋಯಿತು, ಸಂತೋಷದಿಂದ ಮೀನು ನೋಡಿ ಮೇಲೆ ಬಂದರು. ಬೋಟಿನಲ್ಲಿ ತಲೆ ಸುತ್ತಿದ್ದನ್ನು ಅಲೆಯ ಮೇಲೆ ಹಾಕಿದರು, ಕಿವಿ ಗುಂಯ್‌ಗುಟ್ಟಿದ್ದನ್ನು ನೀರಿನ ಮೇಲೆ ಹಾಕಿದರು. ನಾನು ನೋಡಿದಾಗ ಕಿವಿಯಲ್ಲಿ ಒಂದು ಹನಿ ನೀರೂ ಇರಲಿಲ್ಲ. ತಮಟೆ ತುಸು ಕೆಂಪಾಗಿದ್ದುದರ ಹೊರತು ನೆಟ್ಟಗೇ ಇದ್ದಿತು. ಶ್ರುತಿಕವೆಯನ್ನು ಮೀಟಿ ಹಣೆಯ ನಡುವೆ ಇಟ್ಟೆ. ಸದ್ದು ಬಲಗಿವಿಯಲ್ಲಿ ಕೇಳುತ್ತದೆ ಎಂದರು. ಅಷ್ಟರಲ್ಲಿಯೇ ನನಗೆ ಸಂಗತಿ ತಿಳಿದುಹೋಯಿತು. ಆಡಿಯೊಗ್ರಾಮ್ ಮಾಡಿಸಿದ್ದು ಅದರ ಪ್ರಮಾಣವನ್ನು ತಿಳಿಯಲು ಮಾತ್ರ.

ಜರ್ಮನಿಯ ಶರೀರವಿಜ್ಞಾನಿ ಅರ್ನ್‌ಸ್ಟ್ ಹೈನ್ರಿಷ್ ವೆಬರನ ಹೆಸರು ಹೊತ್ತ ಈ ಪರೀಕ್ಷೆಯ ತತ್ತ್ವವನ್ನು ಓದುಗರೂ ತಿಳಿದಿರುವುದು ಒಳ್ಳೆಯದು. ಇದಕ್ಕೆ ಶ್ರುತಿಕವೆಯೂ ಬೇಕಿಲ್ಲ. ಬಾಯಿ ಮುಚ್ಚಿ ‘ಮ್‌’ಕಾರವನ್ನು ಎಳೆದು ಗುನುಗಿ ನೋಡಿ. ಕಟ್ಟಿದ ಕಿವಿಯಲ್ಲಿಯೇ ಗುನುಗು ಗಟ್ಟಿಯಾಗಿ ಕೇಳಿದರೆ, ತೊಂದರೆ ಹೊರಕಿವಿಯಲ್ಲಿಯೋ ನಡುಕಿವಿಯಲ್ಲಿಯೋ ಇರುವುದು ಸಂಭವ. ಒಂದೆರಡು ದಿನದಲ್ಲಿ ವೈದ್ಯರಿಗೆ ತೋರಿಸಿದರೆ ಸಾಕು. ಗುನುಗು ಒಳ್ಳೆಯ ಕಿವಿಯ ಕಡೆಗೇ ಸರಿದು ಕೇಳಿದರೆ ತೊಂದರೆ ಒಳಕಿವಿಯದೆಂಬ ಸಂದೇಹಕ್ಕೆ ಅದೇ ಕಾರಣ. ಮೊರೆತವೂ ತಲೆಸುತ್ತೂ ಜೊತೆಗಿದ್ದರಂತೂ ಅಂದೇ ಕಿವಿ-ಮೂಗು-ಗಂಟಲು ತಜ್ಞರ ಬಳಿಗೆ ಹೋಗತಕ್ಕದ್ದು. ತಲೆ ಎತ್ತರಿಸಿ ಮಲಗುವ ವಿಶ್ರಾಂತಿ, ತಿಣುಕದಂತೆ ಎಚ್ಚರಿಕೆ, ಸ್ಟೀರಾಯ್ಡ್ ಔಷಧಿ, ಕೆಲವೊಮ್ಮೆ ಕಿಂಡಿಯನ್ನು ಮುಚ್ಚುವ ಶಸ್ತ್ರಚಿಕಿತ್ಸೆ, ಇವೆಲ್ಲ ಬೇಗ ಬಂದವರಿಗೆ ಹೆಚ್ಚು ಫಲಿಸುತ್ತವೆ. ಆ ಯುವಕರು ಬಂದದ್ದು ವಾರ ಕಳೆದ ಮೇಲೆ. ಕೆಳಸ್ಥಾಯಿಯ ಸದ್ದುಗಳು ಬಹುಮಟ್ಟಿಗೆ ಮರಳಿದವು; ಮೇಲಿನ ಸ್ಥಾಯಿಯವು ಬರಲಿಲ್ಲ. ಈಗಲೂ ಅವರು ಫೋನನ್ನು ಬಲಗಿವಿಗೇ ಹಿಡಿಯುತ್ತಾರೆ.

ಒಳಕಿವಿಗೆ ಅಪಾಯ ಬರುವ ಇನ್ನೊಂದು ದಾರಿ ಇಳಿಯುವಾಗಿನದಲ್ಲ, ಏರಿದ ಮೇಲಿನದು. ಆಳದಲ್ಲಿ ಹೆಚ್ಚು ಹೊತ್ತು ಇದ್ದವನ ರಕ್ತದಲ್ಲಿ ಕರಗಿದ ಸಾರಜನಕವು, ಅವನು ಮೇಲೇರಿದಂತೆ ಗುಳ್ಳೆಗಟ್ಟಿ ಒಳಕಿವಿಯನ್ನು ಬಾಧಿಸುವುದುಂಟು. ಹೃದಯದ ಎರಡು ಮೇಲ್ಕೋಣೆಗಳ ನಡುವೆ ಗರ್ಭಾವಸ್ಥೆಯಲ್ಲಿದ್ದ ಕಿಂಡಿ ಪೂರ್ತಿ ಮುಚ್ಚದೆ ಉಳಿದವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ವಯಸ್ಕರಲ್ಲಿ ಸುಮಾರು ನಾಲ್ವರಲ್ಲೊಬ್ಬರಿಗೆ ಅಂಥ ಕಿಂಡಿ ತಿಳಿಯದಂತೆ ಉಳಿದಿರುತ್ತದೆ. ಗುಳ್ಳೆಗಳ ಈ ಬಾಧೆಗೆ ಚಿಕಿತ್ಸೆ ಆಮ್ಲಜನಕದೊಡನೆ ಒತ್ತಡದ ಕೋಣೆಯಲ್ಲಿರಿಸುವುದು. ಒಳಕಿವಿಯ ಕಿಂಡಿಯ ಪೊರೆ ಹರಿದವನಿಗಾದರೋ ಆ ಕೋಣೆಯೇ ಕೇಡು ಮಾಡಬಹುದು. ಆದುದರಿಂದ ವೈದ್ಯರ ಮುಂದೆ ಕೂತಾಗ, ಕಿವಿ ಕೆಟ್ಟದ್ದು ಇಳಿಯುವಾಗಲೋ ಏರಿದ ಮೇಲೋ, ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ನೆನಪಿಟ್ಟು ಹೇಳಬೇಕು. ಹತ್ತು ಹನ್ನೆರಡು ಮೀಟರಿನ ಒಂದೇ ಮುಳುಗಿಗೆ ಹೋದ ಪ್ರವಾಸಿಗೆ ಗುಳ್ಳೆಗಳ ಈ ಭಯ ತೀರ ಅಲ್ಪ. ಆದರೆ ಒಂದೇ ದಿನದಲ್ಲಿ ಹಲವು ಸಲ ಮುಳುಗಿದವರು, ಅಂದು ರಾತ್ರಿಯೇ ಬಸ್ಸು ಹತ್ತಿ ಘಟ್ಟವೇರಿ ಬೆಂಗಳೂರಿಗೆ ಹೋಗುವ ಅವಸರವನ್ನು ಬಿಡುವುದು ಮೇಲು. ವಿಮಾನಪ್ರಯಾಣಕ್ಕೆ ಮುನ್ನ ಹದಿನೆಂಟು ಗಂಟೆ ಕಾಯಬೇಕೆಂಬ ನಿಯಮ ಆರುನೂರು ಮೀಟರಿಗೆ ಮೀರಿದ ಎತ್ತರಕ್ಕೂ ಅನ್ವಯಿಸುತ್ತದೆ.

ತಲೆಸುತ್ತಿನ ವಿಷಯದಲ್ಲಿ ಎಲ್ಲವೂ ಅಪಾಯವೆಂದು ಭಾವಿಸಬೇಕಾಗಿಲ್ಲ. ಒಂದು ಕಿವಿ ಬಿಟ್ಟು ಇನ್ನೊಂದು ಬಿಡದಿದ್ದಾಗ, ಅಥವಾ ತಣ್ಣೀರು ಒಂದು ಕಿವಿಗೆ ಮಾತ್ರ ಹೊಕ್ಕಾಗ, ನೀರೊಳಗೆ ಜಗತ್ತು ಕ್ಷಣಕಾಲ ಗಿರ್ರನೆ ತಿರುಗುವುದುಂಟು. ವಿಯೆನ್ನಾದ ರಾಬರ್ಟ್ ಬಾರಾನಿ ರೋಗಿಗಳ ಕಿವಿಯನ್ನು ಪಿಚಕಾರಿಯಿಂದ ತೊಳೆಯುವಾಗ, ತಣ್ಣೀರಿಗೆ ಕಣ್ಣುಗಳು ಒಂದು ದಿಕ್ಕಿಗೂ ಬಿಸಿನೀರಿಗೆ ಇನ್ನೊಂದು ದಿಕ್ಕಿಗೂ ತುಯ್ಯುವುದನ್ನು ಗಮನಿಸಿ, ಒಳಕಿವಿಯ ಅರ್ಧವೃತ್ತ ನಾಳಗಳ ಕಾರ್ಯವನ್ನು ಬೆಳಕಿಗೆ ತಂದನು; ಅದಕ್ಕಾಗಿ 1914ರ ನೊಬೆಲ್ ಪಾರಿತೋಷಕ ಘೋಷಿತವಾದಾಗ ಆತ ರಷ್ಯದಲ್ಲಿ ಯುದ್ಧಕೈದಿಯಾಗಿದ್ದನು. ನೀರೊಳಗೆ ಹೀಗಾದರೆ ಏನನ್ನಾದರೂ ಭದ್ರವಾಗಿ ಹಿಡಿದು ನಿಂತಲ್ಲಿಯೇ ಇರುವುದು. ಸಾಮಾನ್ಯವಾಗಿ ನಿಮಿಷದೊಳಗೆ ಇಳಿಯುತ್ತದೆ. ದಡಕ್ಕೆ ಬಂದ ಮೇಲೂ ಇಳಿಯದಿದ್ದರೆ ಹಿಂದೆ ಹೇಳಿದ ಮಾತು.

ಇನ್ನು, ವರ್ಷಗಟ್ಟಲೆ ಮುಳುಗುತ್ತಿರುವವರ ಶ್ರವಣಶಕ್ತಿ ಮೆಲ್ಲಮೆಲ್ಲನೆ ಸವೆಯುವುದೇ ಎಂಬ ಪ್ರಶ್ನೆ. ಹಡಗುಕಟ್ಟೆಗಳಲ್ಲಿ, ತೈಲಬಾವಿಗಳಲ್ಲಿ ನೀರೊಳಗೆ ಕೆಲಸ ಮಾಡುವ ವೃತ್ತಿಗಾರರಲ್ಲಿ ಸವೆತ ಕಂಡುಬಂದಿರುವುದುಂಟು. ಆದರೆ ಅವರ ಪಾಲಿಗೆ ಲೋಹ ಕೊಯ್ಯುವ ಯಂತ್ರಗಳ ಸದ್ದೂ, ಶಿರಸ್ತ್ರಾಣದೊಳಗೆ ಭೋರ್ಗರೆಯುವ ಗಾಳಿಯ ಸದ್ದೂ ಇರುತ್ತವೆ. ವಿನೋದಕ್ಕಾಗಿ ಮುಳುಗುವವರ ವಿಷಯ ಬೇರೆ. ಜರ್ಮನಿಯ ವೈದ್ಯರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹವ್ಯಾಸಿ ಮುಳುಗುಗಾರರ ಶ್ರವಣವನ್ನು ಮುಳುಗದವರ ಶ್ರವಣದೊಡನೆ ಹೋಲಿಸಿದಾಗ ಗಣನೀಯ ಅಂತರವೇನೂ ಕಾಣಲಿಲ್ಲ. ನನ್ನ ಅಭಿಪ್ರಾಯವೂ ಅದಕ್ಕೆ ಹೊಂದಿಕೊಳ್ಳುತ್ತದೆ: ಸ್ಕೂಬಾದಿಂದ ಕಿವಿ ಸವೆಯುವುದಿಲ್ಲ, ಅಪಘಾತದಿಂದ ಕೆಡುತ್ತದೆ. ಅಪಘಾತವಿಲ್ಲದೆ ನೂರು ಸಲ ಮುಳುಗಿದವನ ಕಿವಿಗಿಂತ, ಒಂದು ಸಲದ ಹಟಮಾರಿಯ ಕಿವಿಯನ್ನು ಕಂಡರೆ ನನಗೆ ಹೆಚ್ಚು ಕಳವಳ. ಪದೇ ಪದೇ ನೀರಿಗಿಳಿಯುವವರಿಗೆ ಹೊರಕಿವಿಯ ಚರ್ಮ ನೆನೆದು ಸೋಂಕು ತಗುಲುವುದು ನಿಜ. ಅದು ಯಾತನೆ ಕೊಡುತ್ತದೆಯೇ ಹೊರತು ಶ್ರವಣವನ್ನು ಕಸಿಯುವುದಿಲ್ಲ. ತಣ್ಣೀರಿನ ದೇಶಗಳಲ್ಲಿ ಕಿವಿಯ ನಾಳದೊಳಗೆ ಮೂಳೆಯ ಗಂಟುಗಳು ಬೆಳೆಯುತ್ತವೆ. ನಿಯಾಂಡರ್ತಲ್ ಮಾನವರ ತಲೆಬುರುಡೆಗಳಲ್ಲಿಯೂ ಅವು ಹೇರಳವಾಗಿ ಸಿಕ್ಕಿವೆ. ನಮ್ಮ ಅರಬ್ಬೀ ಸಮುದ್ರದ ಬೆಚ್ಚನೆಯ ನೀರು ಆ ಮಟ್ಟಿಗೆ ಕರುಣಾಳು.

ಮೊದಲ ಸಲ ಇಳಿದಾಗ ಕೇಳಿಸುವ ಸದ್ದುಗಳಿಂದ ಗಾಬರಿಗೊಂಡು ಬರೆದವರೂ ಇದ್ದಾರೆ. ಎಮಿಲ್ ಗಾನ್ಯಾನ್‌ನೊಡನೆ 1943ರಲ್ಲಿ ಆಕ್ವಾಲಂಗ್ ಎಂಬ ಉಸಿರಾಟದ ಸಲಕರಣೆಯನ್ನು ರೂಪಿಸಿದ ಝಾಕ್ ಕೂಸ್ತೋ ತನ್ನ ಗ್ರಂಥಕ್ಕೂ ಚಲನಚಿತ್ರಕ್ಕೂ ‘ಮೌನ ಪ್ರಪಂಚ’ ಎಂಬರ್ಥದ ಹೆಸರಿಟ್ಟನಾದರೂ, ಕಡಲಿನೊಳಗೆ ಮೌನ ಎಲ್ಲಿಯದು! ರೆಗ್ಯುಲೇಟರಿನಿಂದ ಉಸಿರೆಳೆದಾಗಿನ ಭುಸುಗುಟ್ಟುವಿಕೆ, ಬಿಟ್ಟಾಗ ಗುಳ್ಳೆಗಳ ಬುಳುಬುಳು, ಬಂಡೆಯ ಸಂದಿಗಳಲ್ಲಿ ಸಿಗಡಿಗಳು ಚಟಪಟನೆ ಚಿಟಿಕೆ ಹೊಡೆಯುವ ಸದ್ದು, ಎಲ್ಲಿಯೋ ಓಡುವ ಬೋಟಿನ ಇಂಜಿನು, ಇವೆಲ್ಲ ಕೇಳುತ್ತವೆ. ಯಾವುದೂ ಯಾವ ದಿಕ್ಕಿನಿಂದ ಬಂದಿತೆಂದು ಮಾತ್ರ ತಿಳಿಯುವುದಿಲ್ಲ. 1826ರಲ್ಲಿ ಜಿನೀವಾ ಸರೋವರದಲ್ಲಿ ಗಂಟೆಯೊಂದನ್ನು ಮುಳುಗಿಸಿ ಬಾರಿಸಿ, ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1435 ಮೀಟರೆಂದು ಕೊಲಾಡಾನ್ ಮತ್ತು ಸ್ಟರ್ಮ್ ಅಳೆದಿದ್ದರು. ಅದು ಗಾಳಿಯಲ್ಲಿನದರ ನಾಲ್ಕು ಪಟ್ಟಿಗೂ ಹೆಚ್ಚು. ಒಂದು ಕಿವಿಗೂ ಇನ್ನೊಂದಕ್ಕೂ ಸದ್ದು ತಲಪುವ ಕಾಲದಲ್ಲಿನ ಸೂಕ್ಷ್ಮ ವ್ಯತ್ಯಾಸದಿಂದ ದಿಕ್ಕನ್ನು ಎಣಿಸುವ ನಮ್ಮ ಮೆದುಳಿಗೆ, ಆ ವ್ಯತ್ಯಾಸ ಅಷ್ಟು ಕಿರಿದಾದಾಗ ಲೆಕ್ಕ ತಪ್ಪುತ್ತದೆ. ಜೊತೆಗೆ, ನೀರಿನಲ್ಲಿ ನಾವು ಬಹುಪಾಲು ಕೇಳುವುದು ತಲೆಬುರುಡೆಯ ಮೂಳೆಯ ಮೂಲಕ. ಇದು ದೋಷವಲ್ಲ, ಕಿವಿ ಗಾಳಿಗಾಗಿ ನಿರ್ಮಿತವಾದುದರ ಫಲ. ತಲೆ ಮೇಲೆತ್ತಿದೊಡನೆ ಸರಿಹೋಗುತ್ತದೆ.

ಮುಳುಗುವವರ ಕಿವಿಯ ಚಿಂತೆ ಪುರಾತನವಾದದ್ದು. ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಪ್ರಾಚೀನ ಪ್ರಶ್ನಾವಳಿಯೊಂದರಲ್ಲಿ, ಸಮುದ್ರದಲ್ಲಿ ಮುಳುಗುವವರ ಕಿವಿಗಳು ಒಡೆಯುವುದೇಕೆ ಎಂಬ ಪ್ರಶ್ನೆಯೇ ಇದೆ. ಪಾರಸೀಕ ಕೊಲ್ಲಿಯ ಮುತ್ತಿನ ಮುಳುಗುಗಾರರೂ, ಮನ್ನಾರ್ ಕೊಲ್ಲಿಯವರೂ, ಭಾರವಾದ ಕಲ್ಲಿನೊಡನೆ ಸರ್ರನೆ ತಳಕ್ಕಿಳಿಯುತ್ತಿದ್ದವರು. ಅವರಿಗೆ ಕಿವಿಯನ್ನು ಕಾಯುತ್ತ ನಿಲ್ಲುವ ವ್ಯವಧಾನವಿರಲಿಲ್ಲ, ಉಸಿರು ಹಿಡಿದ ಅಷ್ಟೇ ಹೊತ್ತು ಅವರ ದುಡಿಮೆಯ ಹೊತ್ತು. ಹೊಟ್ಟೆಪಾಡಿಗಾಗಿ ಕಿವಿ ತೆತ್ತವರ ಬಗ್ಗೆ ನನಗೆ ಗೌರವವಿದೆ. ಬೆನ್ನ ಮೇಲೆ ಅರ್ಧ ಗಂಟೆಗೂ ಮಿಕ್ಕಿದ ಗಾಳಿಯನ್ನು ಹೊತ್ತು, ವಿಡಿಯೋ ಚೆನ್ನಾಗಿ ಬರಲೆಂದು ನೋವು ನುಂಗಿಕೊಂಡು ಕಿವಿ ತೆರುವವರಿಗೆ ಏನು ಹೇಳೋಣ?

ನಮ್ಮ ಕರಾವಳಿಯಲ್ಲಿ ಬೆಳೆದಿರುವ ಈ ಪ್ರವಾಸದ ಪದ್ಧತಿಯಲ್ಲಿ ಒಂದು ವಿಚಿತ್ರವಿದೆ. ತರಬೇತಿ ಪಡೆಯದ, ಅನೇಕ ವೇಳೆ ಈಜೂ ಬಾರದ ಅತಿಥಿಯನ್ನು ಇನ್‌ಸ್ಟ್ರಕ್ಟರ್ ಹಿಂದಿನಿಂದ ಹಿಡಿದುಕೊಂಡು ಇಳಿಸುತ್ತಾರೆ. ತೇಲುವುದು, ಮುಳುಗುವುದು, ತಿರುಗುವುದು ಎಲ್ಲ ಅವರ ಕೈಯಲ್ಲಿ. ಅತಿಥಿಗೆ ಉಳಿದಿರುವ ಕರ್ತವ್ಯಗಳು ಎರಡೇ, ಉಸಿರಾಡುವುದು ಮತ್ತು ಕಿವಿ ಬಿಡಿಸಿಕೊಳ್ಳುವುದು. ಎಂದರೆ, ಇಳಿಯುವ ವೇಗ ಒಬ್ಬರದು, ಇಳಿಯುವ ಕಿವಿ ಇನ್ನೊಬ್ಬರದು. ಇವೆರಡರ ನಡುವೆ ಇರುವ ಸಂಪರ್ಕವೆಂದರೆ ಕೈಸನ್ನೆಯೊಂದೇ. ಅಂಗೈಯನ್ನು ಅಡ್ಡವಾಗಿ ಹಿಡಿದು ಅಲುಗಿಸಿ, ಅನಂತರ ಕಿವಿಯನ್ನು ತೋರಿಸಿದರೆ ‘ಕಿವಿ ಬಿಡುತ್ತಿಲ್ಲ’ ಎಂದರ್ಥ. ನಮ್ಮವರು ಎಲ್ಲದಕ್ಕೂ ಎತ್ತುವ ಹೆಬ್ಬೆರಳಿಗೆ ನೀರಿನೊಳಗೆ ‘ಮೇಲಕ್ಕೆ ಹೋಗೋಣ’ ಎಂಬ ಅರ್ಥವಿದೆ. ‘ಚೆನ್ನಾಗಿದೆ’ ಎನ್ನಲು ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸಿ ಉಂಗುರ ಮಾಡಬೇಕು. ಬೋಟಿನಲ್ಲಿ ಇದನ್ನು ಹೇಳಿಕೊಡುವಾಗ ಅಲೆಗೆ ಹೊಟ್ಟೆ ತೊಳಸುತ್ತಿರುವುದರಿಂದ ಅರ್ಧದಷ್ಟು ಜನ ಕೇಳಿಸಿಕೊಂಡಿರುವುದಿಲ್ಲ. ಹೋಗುವವರು ಮನೆಯಲ್ಲಿಯೇ ಕಲಿತು ಹೋಗಲಿ ಎಂಬುದು ನನ್ನ ವಿನಂತಿ. ನೀರಿನ ಮೇಲಿರುವಾಗಲೇ ಒಮ್ಮೆ ಕಿವಿ ಬಿಡಿಸಿಕೊಂಡು, ಕಾಲು ಕೆಳಗೆ ತಲೆ ಮೇಲಾಗಿ ಇಳಿಯುತ್ತ, ನೋವು ಬರುವುದನ್ನು ಕಾಯದೆ ಎರಡೆರಡು ಅಡಿಗೊಮ್ಮೆ ಮೆಲ್ಲಗೆ ಊದುವುದೋ ನುಂಗುವುದೋ ಮಾಡಬೇಕು. ಬಿಡದಿದ್ದರೆ ಒಂದು ಮೀಟರು ಮೇಲೇರಿ ಮತ್ತೆ ಪ್ರಯತ್ನಿಸಬೇಕು. ಆಗಲೂ ಬಿಡದಿದ್ದರೆ ಆ ದಿನದ ಮುಳುಗು ಅಲ್ಲಿಗೆ ಮುಗಿಯಿತು. ಕಟ್ಟಿದ ದುಡ್ಡು ಹೋಗಲಿ. ನೆಗಡಿಯಿದ್ದಾಗ ಮಾತ್ರೆ ನುಂಗಿ ಇಳಿಯುವುದಂತೂ ಎರಡು ಸಲ ಮೋಸ: ಇಳಿಯುವಾಗ ತೆರೆದ ನಾಳ, ಮಾತ್ರೆಯ ಶಕ್ತಿ ನೀರೊಳಗೇ ತೀರಿದರೆ ಏರುವಾಗ ಮುಚ್ಚಿಕೊಂಡು, ಹಿಗ್ಗುವ ಗಾಳಿಗೆ ಹೊರಬರಲು ದಾರಿಯಿಲ್ಲದಂತಾಗುತ್ತದೆ. ಕಿವಿಗೆ ಹತ್ತಿ, ಪ್ಲಗ್ಗು ತುರುಕಿಕೊಳ್ಳುವುದೂ ಬೇಡ. ನೀರಿನ ಭಾರ ಅದನ್ನು ತಮಟೆಯ ಕಡೆಗೇ ನೂಕುತ್ತದೆ.

ಕೊನೆಯದಾಗಿ, ಕುಮಟೆಯ ನಿವೃತ್ತ ಮಾಸ್ತರರೊಬ್ಬರ ಪತ್ರ. ವಯಸ್ಸು ಅರವತ್ತೆಂಟು, ಬೆಂಗಳೂರಿನ ಮೊಮ್ಮಕ್ಕಳು ರಜೆಯಲ್ಲಿ ಬಂದು ತಮ್ಮನ್ನೂ ನೇತ್ರಾಣಿಗೆ ಕರೆದೊಯ್ಯಲು ಹಟ ಹಿಡಿದಿದ್ದಾರೆ, ಬಾಲ್ಯದಲ್ಲಿ ಬಲಗಿವಿ ಬಹುಕಾಲ ಸೋರುತ್ತಿತ್ತು, ಈಗ ಒಣಗಿದೆ, ಹೋಗಬಹುದೇ ಎಂದು ಕೇಳಿದ್ದಾರೆ. ಮಾಸ್ತರರೇ, ಕಿವಿಯ ಮಟ್ಟಿಗೆ ವಯಸ್ಸು ಅಡ್ಡಿಯಲ್ಲ. ಹೃದಯ ಮತ್ತು ಶ್ವಾಸಕೋಶಗಳ ಮಾತನ್ನು ನಿಮ್ಮ ವೈದ್ಯರು ಹೇಳಬೇಕು. ಆದರೆ ಸೋರಿ ಒಣಗಿದ ಕಿವಿಯ ತಮಟೆಯಲ್ಲಿ ಹಳೆಯ ತೂತು ಹಾಗೆಯೇ ಉಳಿದಿರುವುದು ತೀರ ಸಾಮಾನ್ಯ, ನೋವಿಲ್ಲದುದರಿಂದ ಅದು ಇರುವುದೇ ತಿಳಿಯುವುದಿಲ್ಲ. ಹತ್ತಿರದ ಕಿವಿ ತಜ್ಞರಲ್ಲಿ ತೋರಿಸಿ, ಮೂಗು ಹಿಡಿದು ನುಂಗಿದಾಗ ತಮಟೆ ಅಲುಗುವುದೇ ಎಂದು ಅವರಿಂದ ನೋಡಿಸಿಕೊಳ್ಳಿ. ತೂತಿದ್ದರೆ ನೀವು ಬೋಟಿನಲ್ಲಿಯೇ ಕುಳಿತಿರತಕ್ಕದ್ದು. ನೀರಿನ ಮೇಲ್ಮೈಯಲ್ಲಿ ತೇಲುತ್ತ ನೋಡುವುದೂ ಆಗದು, ಏಕೆಂದರೆ ಉಪ್ಪುನೀರಿಗೆ ಅಷ್ಟು ದಾರಿ ಸಾಕು. ತಮಟೆ ಇಡಿಯಾಗಿದ್ದು ಚೆನ್ನಾಗಿ ಅಲುಗುವುದಾದರೆ ಧಾರಾಳವಾಗಿ ಹೋಗಿಬನ್ನಿ. ಮೊಮ್ಮಕ್ಕಳಿಗೆ ಹೇಳಿ, ಅಲ್ಲಿಯವರೆಗೆ ಅಜ್ಜನ ಹೆಸರಿನಲ್ಲಿ ಮುಂಗಡ ಕಟ್ಟುವುದು ಬೇಡ.